ಸೈಯೊ ಎಂಬ ಊರಿನ ಹುಡುಗ

ಈ ಏಪ್ರಿಲ್ ತಿಂಗಳಿನಲ್ಲಿ ನನ್ನ ಮಗನಿಗೆ ಇಪ್ಪತ್ತೆರಡು ವರ್ಷ ತುಂಬಿತು. ದೇವರ ಮುಂದೆ ದೀಪ, ಶ್ಯಾವಿಗೆ ಪಾಯಸ, ಊರಿನವರೊಡನೆ ವಿಡಿಯೊ ಕರೆ, ಸಂಜೆ ಅವನ ಗೆಳೆಯರು ತಂದ ಕೇಕು, ಎಲ್ಲವೂ ಪ್ರತಿವರ್ಷದ ಹಾಗೆಯೇ ನಡೆದವು. ಆದರೆ ಇಪ್ಪತ್ತೆರಡು ಎಂಬ ಸಂಖ್ಯೆಗೆ ನಾನು ಅವನು ತೊಟ್ಟಿಲಲ್ಲಿದ್ದಾಗಿನಿಂದಲೂ ಒಳಗೊಳಗೇ ಹೆದರಿಕೊಂಡಿದ್ದೆನೆಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮಾರನೆಯ ವಾರದ ಶನಿವಾರ ನನ್ನೊಡನೆ ಒಂದು ಊರಿಗೆ ಬರುತ್ತೀಯಾ ಎಂದು ಅವನನ್ನು ಕೇಳಿದೆ. ಯಾವ ಊರು ಎಂದ. ಸೈಯೊ ಎಂದೆ. ಅಲ್ಲಿ ಏನಿದೆ ಎಂದ. ನಿನ್ನ ವಯಸ್ಸಿನ ಒಬ್ಬ ಹುಡುಗನಿದ್ದಾನೆ ಎಂದೆ.

2004ರ ಏಪ್ರಿಲ್‌ನಲ್ಲಿ ನಾನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಒಂದು ಸಣ್ಣ ಬಾಡಿಗೆ ಮನೆಯಲ್ಲಿ ಹಸಿ ಬಾಣಂತಿಯಾಗಿದ್ದೆ. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅಮ್ಮ, ಹೊರಗೆ ಇನ್ನೂ ಹಿಮ ಕರಗದ ಆ ದೇಶವನ್ನು ಕಿಟಕಿಯಿಂದಲೇ ನೋಡುತ್ತ, ಶುಂಠಿ ಮೆಣಸು ಅರೆಯುತ್ತ, ನನ್ನ ಕಿವಿಗೆ ಗಾಳಿ ಸೋಕದಂತೆ ಬಟ್ಟೆ ಬಿಗಿಯುತ್ತ ದಿನ ಕಳೆಯುತ್ತಿದ್ದರು. ಟಿವಿಯಲ್ಲಿ ಹಗಲೂ ರಾತ್ರಿ ಇರಾಕ್ ಯುದ್ಧ. ಮಗು ನಿದ್ದೆಗೆಡಿಸುತ್ತಿದ್ದ ರಾತ್ರಿಗಳಲ್ಲಿ ಫಲ್ಲೂಜಾ ಎಂಬ ಹೆಸರು ನನಗೆ ಮಗುವಿನ ಅಳುವಿನಷ್ಟೇ ಪರಿಚಿತವಾಗಿಬಿಟ್ಟಿತ್ತು. ಮೇ ತಿಂಗಳ ಕೊನೆಯಲ್ಲಿ ಒಂದು ಸಂಜೆ ನಮ್ಮವರು ಕಚೇರಿಯಿಂದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯನ್ನು ಮಡಚಿ ತಂದು, ಓದು, ಈ ಹುಡುಗ ನಮ್ಮ ಕಡೆಯವನೇ, ಎಂದು ಕೊಟ್ಟರು. ಅಮೆರಿಕದ ಸೈನಿಕರ ಜೊತೆಯಲ್ಲೇ ಇರಾಕ್‌ನಲ್ಲಿದ್ದು ವರದಿ ಮಾಡುತ್ತಿದ್ದ ಮೈಕೆಲ್ ಫಿಲಿಪ್ಸ್ ಎಂಬ ಪತ್ರಕರ್ತರು ಬರೆದಿದ್ದ ಉದ್ದನೆಯ ಲೇಖನವದು. ಎಡಗೈಯಲ್ಲಿ ಮಗುವನ್ನು ಹಿಡಿದು ಬಲಗೈಯಲ್ಲಿ ಪತ್ರಿಕೆಯನ್ನು ಹಿಡಿದು ಓದಿದೆ. ಕಾರ್ಪೊರಲ್ ಜೇಸನ್ ಡನ್‌ಹ್ಯಾಮ್ ಎಂಬ ಹೆಸರು ನನಗೆ ತಿಳಿದದ್ದು ಹೀಗೆ.

ನಮ್ಮವರು ನಮ್ಮ ಕಡೆಯವನು ಎಂದದ್ದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ರಾಚೆಸ್ಟರಿನ ನಡುವೆ ಹರಿಯುವ ಜೆನೆಸೀ ನದಿ ದಕ್ಷಿಣದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ನದಿಗಳಿಗೆ ಅಪರೂಪವೆನ್ನುವಂತೆ ಬಡಗಣಕ್ಕೆ ಮುಖಮಾಡಿ ಹರಿದು ಒಂಟಾರಿಯೊ ಸರೋವರವನ್ನು ಸೇರುತ್ತದೆ. ಅದು ನ್ಯೂಯಾರ್ಕ್ ರಾಜ್ಯವನ್ನು ಹೊಕ್ಕ ಮೇಲೆ ಸಿಗುವ ಮೊದಮೊದಲ ಊರುಗಳಲ್ಲಿ ಸೈಯೊ ಒಂದು. ಎರಡು ಸಾವಿರಕ್ಕಿಂತ ಕಡಿಮೆ ಜನವಸತಿಯಿರುವ ಊರು. ಗುಡ್ಡಗಳ ನಡುವೆ ಹಸುಗಳ ಕೊಟ್ಟಿಗೆ, ಮೇವಿನ ಎತ್ತರದ ಗೋಪುರಗಳು, ಒಂದು ಶಾಲೆ, ಒಂದು ಅಂಚೆ ಕಚೇರಿ. ಇಂಗ್ಲಿಷಿನಲ್ಲಿ ಬರೆದಿರುವುದನ್ನು ನೋಡಿ ನಾವು ಬಹುಕಾಲ ಸಿಯೋ ಎಂದೇ ಓದುತ್ತಿದ್ದೆವು. ಅಲ್ಲಿಯವರು ಸೈಯೊ ಎನ್ನುತ್ತಾರೆ. ಅಮ್ಮನ ಕಿವಿಗೆ ಅದು ಸಾಯೋ ಎಂದೇ ಕೇಳಿಸಿ, ಅದೆಂಥ ಅಪಶಕುನದ ಹೆಸರಿಟ್ಟಿದ್ದಾರೆ ಊರಿಗೆ, ಎಂದು ತಕ್ಷಣ ಬಿಡ್ತು ಅಂದಿದ್ದರು.

ಜೇಸನ್ ಹುಟ್ಟಿದ್ದು 1981ರ ನವೆಂಬರ್ 10ರಂದು. ಅಮೆರಿಕದ ಮರೀನ್ ಕೋರ್ ಎಂಬ ಪಡೆ ಹುಟ್ಟಿದ ದಿನವೂ ಅದೇ, 1775ರ ನವೆಂಬರ್ 10. ಈ ಕಾಕತಾಳೀಯವನ್ನು ಅವನ ಬಗ್ಗೆ ಬರೆದವರೆಲ್ಲರೂ ಹೇಳುತ್ತಾರೆ, ವಿಧಿಲಿಖಿತವೆಂಬ ಧ್ವನಿಯಲ್ಲಿ ಹೇಳುತ್ತಾರೆ. ನನಗೆ ಅದು ಅಷ್ಟು ಮುಖ್ಯವೆನ್ನಿಸುವುದಿಲ್ಲ; ಆ ದಿನ ಹುಟ್ಟಿದ ಎಷ್ಟೋ ಮಕ್ಕಳು ಬಡಗಿಗಳೂ ದಾದಿಯರೂ ಆಗಿದ್ದಾರೆ. ಸೈಯೊ ಶಾಲೆಯಲ್ಲಿ ಅವನು ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಸಾಕರ್ ಮೂರನ್ನೂ ಆಡಿದವನು, ಬೇಸ್‌ಬಾಲ್ ಬ್ಯಾಟಿಂಗ್ ಸರಾಸರಿಯಲ್ಲಿ ಶಾಲೆಯ ದಾಖಲೆ ಬರೆದವನು. 2000ದ ಬೇಸಿಗೆಯಲ್ಲಿ, ಶಾಲೆ ಮುಗಿದ ಕೂಡಲೇ, ಮರೀನ್ ಪಡೆಗೆ ಸೇರಿದ. ಆಗ ಅಮೆರಿಕ ಯಾವ ದೊಡ್ಡ ಯುದ್ಧದಲ್ಲಿಯೂ ಇರಲಿಲ್ಲ. ನ್ಯೂಯಾರ್ಕಿನ ಅವಳಿ ಗೋಪುರಗಳು ಬೀಳಲು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಸಮಯವಿತ್ತು. ಮೊದಲ ವರ್ಷಗಳನ್ನು ಜಾರ್ಜಿಯಾ ರಾಜ್ಯದ ಕಿಂಗ್ಸ್ ಬೇ ಎಂಬಲ್ಲಿ ಜಲಾಂತರ್ಗಾಮಿ ನೆಲೆಯ ಕಾವಲಿನಲ್ಲಿ ಕಳೆದ. ಆಮೇಲೆ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಟ್ವೆಂಟಿನೈನ್ ಪಾಮ್ಸ್ ನೆಲೆಗೆ, ಏಳನೆಯ ಮರೀನ್ ರೆಜಿಮೆಂಟಿನ ಮೂರನೆಯ ಬೆಟಾಲಿಯನ್ನಿಗೆ, ಅದರ ಕಿಲೋ ಕಂಪನಿಗೆ ಬಂದ.

ಅಲ್ಲಿ ಅವನು ಒಂದು ಸ್ಕ್ವಾಡಿನ ನಾಯಕನಾದ. ಸ್ಕ್ವಾಡ್ ಎಂದರೆ ಸುಮಾರು ಹದಿಮೂರು ಮಂದಿಯ ತುಕಡಿ. ಅದನ್ನು ಸಾಮಾನ್ಯವಾಗಿ ಸಾರ್ಜೆಂಟ್ ದರ್ಜೆಯವರಿಗೆ ವಹಿಸುತ್ತಾರೆ, ಕಾರ್ಪೊರಲ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ದರ್ಜೆ. ಹದಿನೆಂಟು ಹತ್ತೊಂಬತ್ತರ ಹುಡುಗರಿಗೆ ಇಪ್ಪತ್ತೆರಡರ ಇವನು ಹಿರಿಯ. ನಮ್ಮ ಕೂಡುಕುಟುಂಬಗಳಲ್ಲಿ ದೊಡ್ಡ ಮಗನೆಂಬ ಕಾರಣಕ್ಕೇ ಎಳೆಯ ವಯಸ್ಸಿನಲ್ಲಿ ಮನೆಯ ಭಾರ ಹೊತ್ತವರನ್ನು ನಾನು ಕಂಡಿದ್ದೇನೆ. ಅವರ ಮುಖದಲ್ಲಿ ಒಂದು ಬಗೆಯ ಬೇಗ ಬಂದ ಗಾಂಭೀರ್ಯವಿರುತ್ತದೆ. ಅವನ ಎಲ್ಲ ಫೋಟೊಗಳಲ್ಲಿಯೂ ನಾನು ಅದನ್ನು ಹುಡುಕಿದ್ದೇನೆ. ಸಮವಸ್ತ್ರದ ಅಧಿಕೃತ ಚಿತ್ರದಲ್ಲಿ ಮಾತ್ರ ಅದು ಸಿಗುತ್ತದೆ, ಅದೂ ಟೋಪಿಯ ಕಾರಣದಿಂದಲೋ ಏನೋ.

2004ರ ಆರಂಭದಲ್ಲಿ ಬೆಟಾಲಿಯನ್ ಇರಾಕ್‌ಗೆ ಹೊರಟಿತು. ಅವನ ಸೇವೆಯ ಕರಾರು ಆ ಕಾರ್ಯಾಚರಣೆ ಮುಗಿಯುವ ಮುನ್ನವೇ ಮುಗಿಯುತ್ತಿತ್ತು. ಅವನು ಮನೆಗೆ ಬರಬಹುದಾಗಿತ್ತು. ಆದರೆ ತನ್ನ ಹುಡುಗರನ್ನು ನಡುವೆ ಬಿಟ್ಟು ಬರಲಾಗದೆಂದು ಅವನು ಸೇವೆಯನ್ನು ಎರಡು ತಿಂಗಳು ವಿಸ್ತರಿಸಿಕೊಂಡ. ಎಲ್ಲರೂ ಜೀವಂತವಾಗಿ ಮನೆ ಸೇರುವಂತೆ ನೋಡಿಕೊಳ್ಳಬೇಕು ಎಂಬುದು ಅದಕ್ಕೆ ಅವನು ಕೊಟ್ಟ ಕಾರಣ. ಆ ಮಾತಿನಲ್ಲಿ ದೇಶದ ಹೆಸರಿಲ್ಲ, ಸ್ವಾತಂತ್ರ್ಯದ ಹೆಸರಿಲ್ಲ, ಶತ್ರುವಿನ ಹೆಸರೂ ಇಲ್ಲ. ಯುದ್ಧದ ಬಗ್ಗೆ ಆ ವರ್ಷ ಅಧ್ಯಕ್ಷರಿಂದ ಹಿಡಿದು ನಮ್ಮ ಶನಿವಾರದ ಪಾಟ್‌ಲಕ್ ಊಟದ ಗಂಡಸರವರೆಗೆ ಎಲ್ಲರೂ ಆಡಿದ ಮಾತುಗಳಲ್ಲಿ, ತಾನು ಏನು ಮಾಡಬೇಕೆಂಬುದನ್ನು ಇಷ್ಟು ಕಿರಿದಾಗಿ ಅಳೆದು ಹೇಳಿದ ಮಾತು ನನಗೆ ಬೇರೆ ಸಿಕ್ಕಿಲ್ಲ.

ಅವನ ಬೆಟಾಲಿಯನ್ ಇದ್ದದ್ದು ಇರಾಕಿನ ಪಶ್ಚಿಮದ ತುತ್ತತುದಿಯಲ್ಲಿ, ಸಿರಿಯಾದ ಗಡಿಗೆ ಅಂಟಿಕೊಂಡಿರುವ ಅಲ್ ಕಾಯಿಮ್ ಪ್ರದೇಶದಲ್ಲಿ. ಯೂಫ್ರೆಟಿಸ್ ನದಿ ಇರಾಕನ್ನು ಹೊಗುವ ಜಾಗವದು. ಹುಸೈಬಾ, ಕರಾಬಿಲಾ ಎಂಬ ಪುಟ್ಟ ಪಟ್ಟಣಗಳು. ಜಗತ್ತಿನ ಕ್ಯಾಮೆರಾಗಳೆಲ್ಲ ಫಲ್ಲೂಜಾದ ಕಡೆಗೆ ತಿರುಗಿದ್ದವು. ಗಡಿಯ ಈ ಪಟ್ಟಣಗಳಲ್ಲಿ ನಡೆಯುತ್ತಿದ್ದುದು ಪತ್ರಿಕೆಗಳ ಒಳಪುಟದ ಸುದ್ದಿ.

ಅಲ್ಲಿನ ಬಿಡುವಿನ ಹೊತ್ತಿನಲ್ಲಿ ನಡೆದ ಒಂದು ಮಾತುಕತೆಯನ್ನು ಅವನ ಸಹಚರರು ಆಮೇಲೆ ನೆನಪಿಸಿಕೊಂಡರು. ಎದುರಿಗೆ ಕೈಬಾಂಬು ಬಿದ್ದರೆ ಏನು ಮಾಡಬೇಕು ಎಂಬ ಚರ್ಚೆ. ಸಿಡಿಯಲು ಮೂರು ನಾಲ್ಕು ಸೆಕೆಂಡುಗಳಷ್ಟೇ ಇರುತ್ತದೆ, ಓಡಲು ಸಾಲದು. ತಲೆಯ ಮೇಲಿನ ಹೆಲ್ಮೆಟ್ಟನ್ನು ಅದರ ಮೇಲೆ ಬೋರಲು ಹಾಕಿದರೆ ಸಿಡಿತವನ್ನು ತಡೆಯಬಹುದು ಎಂಬುದು ಡನ್‌ಹ್ಯಾಮ್‌ನ ವಾದವಾಗಿತ್ತಂತೆ. ಅವನ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಒಪ್ಪದವರು ಹೇಳಿದ್ದೇ ಸರಿ. ಆ ಹೆಲ್ಮೆಟ್ಟು ಕೆವ್ಲಾರ್ ಎಂಬ ಗಟ್ಟಿ ನೂಲಿನ ಪದರಗಳನ್ನು ಒತ್ತಿ ಮಾಡಿದ, ಸುಮಾರು ಒಂದೂವರೆ ಕಿಲೋ ತೂಗುವ ವಸ್ತು. ದೂರದಿಂದ ಹಾರಿಬರುವ ಚೂರುಗಳನ್ನು ತಡೆಯಲೆಂದು ಮಾಡಿದ್ದು, ತನ್ನ ಹೊಟ್ಟೆಯೊಳಗೇ ಬಾಂಬು ಸಿಡಿದರೆ ತಡೆದುಕೊಳ್ಳಲೆಂದು ಮಾಡಿದ್ದಲ್ಲ. ಆದರೆ ಆ ಚರ್ಚೆಯಿಂದ ಒಂದು ಸಂಗತಿ ತಿಳಿಯುತ್ತದೆ. ಆ ಗಳಿಗೆ ಬರುವುದಕ್ಕೆ ಮೊದಲೇ ಅವನು ಅದರ ಬಗ್ಗೆ ಯೋಚಿಸಿದ್ದ. ವೀರರ ಕತೆ ಹೇಳುವವರು ಅವರು ಯೋಚಿಸದೆ ನುಗ್ಗಿದರು ಎಂದು ಹೇಳುವುದು ರೂಢಿ. ಇವನ ವಿಷಯದಲ್ಲಿ ಆ ರೂಢಿಯ ಮಾತು ಒಪ್ಪುವುದಿಲ್ಲ.

ಏಪ್ರಿಲ್ 14ರಂದು ಅವನ ಸ್ಕ್ವಾಡ್ ಕರಾಬಿಲಾದಲ್ಲಿ ಗಸ್ತಿನಲ್ಲಿದ್ದಾಗ ಪಶ್ಚಿಮಕ್ಕೆ ಎರಡು ಕಿಲೋಮೀಟರಿನಷ್ಟು ದೂರದಲ್ಲಿ ರಾಕೆಟ್ಟುಗಳ, ಬಂದೂಕುಗಳ ಸದ್ದು ಕೇಳಿಸಿತು. ಹುಸೈಬಾದ ಶಿಬಿರಕ್ಕೆ ಹೊರಟಿದ್ದ ಬೆಟಾಲಿಯನ್ ಕಮಾಂಡರರ ವಾಹನಗಳ ಮೇಲೆ ಹೊಂಚುದಾಳಿ ನಡೆದಿತ್ತು. ಸ್ಕ್ವಾಡ್ ಅತ್ತ ಧಾವಿಸಿತು. ಅವರ ಮೇಲೂ ಗುಂಡು ಹಾರತೊಡಗಿದಾಗ ಡನ್‌ಹ್ಯಾಮ್ ಎಲ್ಲರನ್ನೂ ವಾಹನಗಳಿಂದ ಇಳಿಸಿ, ಕೆಲವರನ್ನು ಕರೆದುಕೊಂಡು ನಡೆದೇ ಹೊರಟ. ಒಂದು ಓಣಿಯಲ್ಲಿ ಏಳು ವಾಹನಗಳು ಸಾಲಾಗಿ ಊರು ಬಿಟ್ಟು ಹೊರಡುವ ಹವಣಿಕೆಯಲ್ಲಿದ್ದವು. ಅವುಗಳಲ್ಲಿ ಆಯುಧಗಳಿವೆಯೇ ಎಂದು ತಪಾಸಣೆ ಮಾಡಲು ನಿಲ್ಲಿಸಿದರು. ಒಂದು ವಾಹನದ ಬಳಿಗೆ ಹೋದಾಗ ಅದರೊಳಗಿದ್ದವನು ಹೊರಕ್ಕೆ ನೆಗೆದು ಡನ್‌ಹ್ಯಾಮ್‌ನ ಮೇಲೆ ಬಿದ್ದ. ಇಬ್ಬರೂ ನೆಲಕ್ಕುರುಳಿ ಸೆಣಸಾಡಿದರು. ಸ್ಕ್ವಾಡಿನ ಇನ್ನಿಬ್ಬರು ನೆರವಿಗೆ ಓಡಿಬಂದರು. ಬೇಡ, ಬೇಡ, ಅವನ ಕೈ ನೋಡಿ ಎಂದು ಡನ್‌ಹ್ಯಾಮ್ ಕೂಗಿದ. ಆ ಕೈಯಿಂದ ಬಾಂಬು ಜಾರಿ ನೆಲಕ್ಕೆ ಬಿತ್ತು. ಅವನು ತಲೆಯ ಹೆಲ್ಮೆಟ್ಟನ್ನು ಕಿತ್ತು ಅದರ ಮೇಲೆ ಕವುಚಿ, ಹೆಲ್ಮೆಟ್ಟಿನ ಮೇಲೆ ತಾನು ಮಲಗಿದ.

ಹೆಲ್ಮೆಟ್ಟು ಚೂರುಚೂರಾಯಿತು. ಪಕ್ಕದಲ್ಲಿದ್ದ ಇಬ್ಬರಿಗೂ ಗಾಯಗಳಾದವು, ಆದರೆ ಇಬ್ಬರೂ ಬದುಕಿದರು. ಬಾಂಬು ಬಿಟ್ಟವನು ಎದ್ದು ಓಡಲೆತ್ನಿಸಿದಾಗ ಮತ್ತೊಬ್ಬ ಮರೀನನ ಗುಂಡಿಗೆ ಬಲಿಯಾದ. ಅವನ ಹೆಸರು ನಾನು ಓದಿದ ಯಾವ ಬರಹದಲ್ಲಿಯೂ ಇಲ್ಲ. ಅವನಿಗೂ ಒಬ್ಬಳು ತಾಯಿಯಿರಬೇಕು. ಅವಳ ಮನೆಯ ಅಂಗಳಕ್ಕೆ ಈ ಅಮೆರಿಕದ ಸೈನಿಕರು ಕರೆಯದೆ ಬಂದವರು ಎಂಬುದನ್ನು ಈ ಕತೆ ಹೇಳುವಾಗ ನುಂಗಿಕೊಳ್ಳಬಾರದು.

ಡನ್‌ಹ್ಯಾಮ್ ಅಲ್ಲಿಯೇ ಸಾಯಲಿಲ್ಲ. ಪ್ರಶಸ್ತಿಪತ್ರಗಳು ಒಂದೇ ವಾಕ್ಯದಲ್ಲಿ ದಾಟಿಬಿಡುವ ಎಂಟು ದಿನಗಳು ಇನ್ನೂ ಉಳಿದಿದ್ದವು. ಬಾಂಬಿನ ಚೂರು ಮಿದುಳನ್ನು ಹೊಕ್ಕಿತ್ತು. ಮರುಭೂಮಿಯ ಚಿಕಿತ್ಸಾ ಡೇರೆಯಿಂದ ಇನ್ನೊಂದು ಡೇರೆಗೆ, ಅಲ್ಲಿಂದ ಬಾಗ್ದಾದಿಗೆ, ಬಾಗ್ದಾದಿನಿಂದ ಜರ್ಮನಿಗೆ, ಜರ್ಮನಿಯಿಂದ ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದ ನೌಕಾಪಡೆಯ ಆಸ್ಪತ್ರೆಗೆ. ಗಾಯಾಳುಗಳು ಒಟ್ಟಿಗೆ ಬಂದಾಗ ಯುದ್ಧದ ವೈದ್ಯರು ಅವರನ್ನು ವಿಂಗಡಿಸಬೇಕಾಗುತ್ತದೆ. ಯಾರನ್ನು ಉಳಿಸಬಹುದೋ ಅವರಿಗೆ ಮೊದಲು ಕೈಹಚ್ಚಿ, ಯಾರಿಗೆ ಆಸೆಯಿಲ್ಲವೋ ಅವರನ್ನು ನೋವಿಗೆ ಮದ್ದು ಕೊಟ್ಟು ಒಂದು ಬದಿಗೆ ಮಲಗಿಸುತ್ತಾರೆ. ಒಂದು ಹಂತದಲ್ಲಿ ಅವನನ್ನು ಹಾಗೆ ಬದಿಗೆ ಮಲಗಿಸಿದ್ದರು. ಆರೈಕೆ ಮಾಡುತ್ತಿದ್ದವರು ಕೈ ಹಿಡಿದು ಒತ್ತು ಎಂದಾಗ ಅವನ ಕೈ ಒತ್ತಿತು. ಅಷ್ಟರಿಂದಲೇ ಅವನನ್ನು ಮತ್ತೆ ಉಳಿಯಬಹುದಾದವರ ಸಾಲಿಗೆ ತಂದು ವಿಮಾನ ಹತ್ತಿಸಿದರು. ನಾನು ಆ ಲೇಖನದಲ್ಲಿ ಈ ಭಾಗಕ್ಕೆ ಬಂದಾಗ ನನ್ನ ಬೆರಳನ್ನು ಹಿಡಿದು ಮಲಗಿದ್ದ ಕೂಸಿನ ಮುಷ್ಟಿಯನ್ನು ಬಿಡಿಸಲಾಗದೆ ಹಾಗೆಯೇ ಕುಳಿತಿದ್ದೆ.

ತಂದೆತಾಯಿಯರು ಬೆಥೆಸ್ಡಾಕ್ಕೆ ಬಂದು ಸೇರಿದರು. ಚೇತರಿಕೆ ಸಾಧ್ಯವಿಲ್ಲವೆಂದು ವೈದ್ಯರು ತಿಳಿಸಿದಾಗ ಜೀವರಕ್ಷಕ ಯಂತ್ರಗಳನ್ನು ತೆಗೆಯುವ ತೀರ್ಮಾನ ಅವರ ಪಾಲಿಗೆ ಬಂತು. ಮರೀನ್ ಪಡೆಯ ಮುಖ್ಯಸ್ಥ ಜನರಲ್ ಮೈಕೆಲ್ ಹೇಗಿಯವರು ಹಾಸಿಗೆಯ ಬಳಿಗೇ ಬಂದು ಗಾಯಗೊಂಡ ಸೈನಿಕರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕವನ್ನು ಕೊಟ್ಟರು. ಏಪ್ರಿಲ್ 22ರಂದು ಅವನು ಹೋದ. ನನ್ನ ಮಗನಿಗೆ ತೊಟ್ಟಿಲ ಶಾಸ್ತ್ರ ಮಾಡಿ ಆಗ ಎರಡು ದಿನವಾಗಿತ್ತು.

ಲೇಖನ ಓದಿ ಮುಗಿಸಿ ನಾನು ಅಮ್ಮನಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅವರು ಅಳಲಿಲ್ಲ. ಕೊಬ್ಬರಿ ತುರಿಯುತ್ತಿದ್ದವರು ಅದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಉಳಿದ ಇಬ್ಬರು ಹುಡುಗರ ತಾಯಂದಿರು ಇವಳ ಮನೆಗೆ ಹೋಗಿ ಬಂದರಂತಾ, ಎಂದು ಕೇಳಿದರು. ಅದನ್ನು ಬರೆದಿಲ್ಲ ಎಂದೆ. ಹೋಗಬೇಕು, ಹೋಗದೆ ಇದ್ದರೆ ಆಗುತ್ತದಾ, ಎಂದು ಮತ್ತೆ ತುರಿಯಲು ಕುಳಿತರು. ಇಷ್ಟು ವರ್ಷಗಳಲ್ಲಿ ಈ ಯುದ್ಧದ ಬಗ್ಗೆ ನಾನು ಕೇಳಿದ ವಿಶ್ಲೇಷಣೆಗಳೆಲ್ಲ ಮರೆತುಹೋಗಿವೆ. ಈ ಪ್ರಶ್ನೆ ಮಾತ್ರ ಮರೆತಿಲ್ಲ.

ಅಮ್ಮನ ತವರು ಶಿಕಾರಿಪುರದ ಕಡೆಯ ಒಂದು ಹಳ್ಳಿ. ಆ ಸೀಮೆಯಲ್ಲಿ ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ವೀರಗಲ್ಲುಗಳು ಎಷ್ಟು ಸಹಜವಾಗಿ ನಿಂತಿರುತ್ತವೆಂದರೆ ಅವುಗಳಿಗೆ ಎಮ್ಮೆ ಕಟ್ಟುವವರೂ ಇದ್ದಾರೆ, ಅರಿಸಿನ ಕುಂಕುಮ ಹಚ್ಚುವವರೂ ಇದ್ದಾರೆ. ತುರುಗಳನ್ನು ಹೊಡೆದುಕೊಂಡು ಹೋಗಲು ಬಂದವರೊಡನೆ ಕಾದಿ ಸತ್ತವರು, ಊರಿನ ಹೆಣ್ಣುಮಕ್ಕಳ ಮಾನ ಉಳಿಸಲು ಸತ್ತವರು, ಹುಲಿಯೊಡನೆ ಸೆಣಸಿ ಸತ್ತವರು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆಯರು, ಕ್ಷಣದಲ್ಲಿ ಅಳಿಯುವ ಮೈಗೆ ರಣದಲ್ಲಿ ಸಾಯಲು ಚಿಂತೆಯೇಕೆ ಎಂಬ ಅರ್ಥದ ಶ್ಲೋಕವನ್ನು ಎಷ್ಟೋ ಕಲ್ಲುಗಳ ಮೇಲೆ ಕೆತ್ತಿದ್ದಾರೆ. ಆ ಶ್ಲೋಕವನ್ನು ಬರೆದವನು ಯಾವ ತಾಯಿಯನ್ನೂ ಕೇಳಿ ಬರೆದಿರಲಿಕ್ಕಿಲ್ಲ. ಹೊಯ್ಸಳರ ಕಾಲದಲ್ಲಿ ಗರುಡರೆಂದು ಕರೆಸಿಕೊಂಡವರು ಒಡೆಯನು ಸತ್ತರೆ ತಾವೂ ಸಾಯುವೆವೆಂದು ಭಾಷೆ ಕೊಟ್ಟು ಹಾಗೆಯೇ ಸಾಯುತ್ತಿದ್ದರು. ಹಳೇಬೀಡಿನಲ್ಲಿ ಕುವರಲಕ್ಷ್ಮನ ಕಲ್ಲು ಇಂದಿಗೂ ಇದೆ. ಡನ್‌ಹ್ಯಾಮ್‌ನ ವಿಷಯದಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಈ ದಿಕ್ಕಿನ ಬದಲಾವಣೆ. ಅವನು ಸತ್ತದ್ದು ತನಗಿಂತ ಮೇಲಿನವರಿಗಾಗಿ ಅಲ್ಲ, ತನ್ನ ಕೈಕೆಳಗಿನ ಇಬ್ಬರಿಗಾಗಿ. ನಮ್ಮ ಕಲ್ಲುಗಳಲ್ಲಿ ಅಂಥವರೂ ಇರಬಹುದು, ಆದರೆ ಸಾಲು ಬರೆಸುವ ಶಕ್ತಿ ಯಾವಾಗಲೂ ಮೇಲಿನವರದೇ ಆಗಿತ್ತಲ್ಲ.

ವೀರಗಲ್ಲುಗಳ ಬರಹದಲ್ಲಿ ನನಗೆ ಇಷ್ಟವಾಗುವ ಭಾಗವೆಂದರೆ ಅನೇಕ ಕಲ್ಲುಗಳ ಕೊನೆಯಲ್ಲಿ ಬರುವ, ಈ ಕಲ್ಲನ್ನು ಅವನ ತಮ್ಮ ನಿಲ್ಲಿಸಿದ, ಅವನ ಮಗ ನಿಲ್ಲಿಸಿದ ಎಂಬ ಮಾತು. ಸತ್ತವನ ಹೆಸರಿನ ಜೊತೆಗೆ ಉಳಿದವನ ಹೆಸರು. ಅಮ್ಮ ಕೇಳಿದ್ದೂ ಅದನ್ನೇ ಅಲ್ಲವೇ.

ಡನ್‌ಹ್ಯಾಮ್‌ನ ಸ್ಮಾರಕಗಳನ್ನು ನಿಲ್ಲಿಸಿದ್ದು ಸರ್ಕಾರ, ಅದೂ ಬಹಳ ದೊಡ್ಡದಾಗಿ. 2006ರ ನವೆಂಬರ್ 10ರಂದು, ಅವನಿಗೆ ಇಪ್ಪತ್ತೈದು ತುಂಬಬೇಕಿದ್ದ ದಿನ, ವರ್ಜೀನಿಯಾದಲ್ಲಿ ಮರೀನ್ ಪಡೆಯ ರಾಷ್ಟ್ರೀಯ ಸಂಗ್ರಹಾಲಯವನ್ನು ಉದ್ಘಾಟಿಸುತ್ತ ಅಧ್ಯಕ್ಷ ಜಾರ್ಜ್ ಬುಷ್ ಅವರು ಅವನಿಗೆ ಮೆಡಲ್ ಆಫ್ ಆನರ್ ಘೋಷಿಸಿದರು. ಅಮೆರಿಕದ ಸೈನಿಕರಿಗೆ ಸಿಗುವ ಅತ್ಯುನ್ನತ ಪದಕವದು; ವಿಯೆಟ್ನಾಂ ಯುದ್ಧದ ನಂತರ ಮರೀನ್ ಒಬ್ಬನಿಗೆ ಸಂದದ್ದು ಅದೇ ಮೊದಲು. 2007ರ ಜನವರಿ 11ರಂದು ಶ್ವೇತಭವನದಲ್ಲಿ ತಂದೆತಾಯಿಯರು ಅದನ್ನು ಪಡೆದಾಗ ಅಧ್ಯಕ್ಷರ ಕೆನ್ನೆಯ ಮೇಲೆ ಕಣ್ಣೀರು ಇಳಿದದ್ದನ್ನು ನಾವು ಟಿವಿಯಲ್ಲಿ ನೋಡಿದೆವು. ಅದಕ್ಕೆ ಹಿಂದಿನ ರಾತ್ರಿ ಅದೇ ಟಿವಿಯಲ್ಲಿ ಅದೇ ಅಧ್ಯಕ್ಷರು ಇರಾಕ್‌ಗೆ ಇನ್ನೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳುಹಿಸುವುದಾಗಿ ಸಾರಿದ್ದರು. ಆ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ಎರಡೂ ಒಂದೇ ಮುಖದಿಂದ ಬಂದವು ಎಂಬುದನ್ನು ಮರೆಯಲು ನನ್ನಿಂದ ಆಗಿಲ್ಲ, ಅಷ್ಟೆ.

ಆಮೇಲೆ ಒಂದು ಹಡಗಿಗೆ ಅವನ ಹೆಸರಿಟ್ಟರು. ಯುಎಸ್‌ಎಸ್ ಜೇಸನ್ ಡನ್‌ಹ್ಯಾಮ್ ಎಂಬ ಆ ಯುದ್ಧನೌಕೆಯನ್ನು 2009ರ ಆಗಸ್ಟ್‌ನಲ್ಲಿ ಮೇಯ್ನ್ ರಾಜ್ಯದ ಹಡಗುಕಟ್ಟೆಯಲ್ಲಿ ಅವನ ತಾಯಿಯೇ ನಾಮಕರಣ ಮಾಡಿದರು. ಮರುವರ್ಷ ನವೆಂಬರಿನಲ್ಲಿ ಫ್ಲಾರಿಡಾದಲ್ಲಿ ಅದು ನೌಕಾಪಡೆಗೆ ಸೇರಿತು. ಇರಾಕಿನ ಆ ಓಣಿಯಲ್ಲಿ ತನ್ನ ಮೈಯನ್ನೇ ಗುರಾಣಿ ಮಾಡಿದವನ ಹೆಸರನ್ನು ಕ್ಷಿಪಣಿಗಳನ್ನು ಹೊತ್ತ ಹಡಗಿಗೆ ಇಡುವುದರಲ್ಲಿ ಏನೋ ಸರಿಯಿಲ್ಲವೆಂದು ನನಗೆ ಅನ್ನಿಸುತ್ತಿತ್ತು. ನಮ್ಮವರು ಇದನ್ನು ಒಪ್ಪುವುದಿಲ್ಲ. ಹಡಗಿನಲ್ಲಿರುವ ಮುನ್ನೂರು ಹುಡುಗ ಹುಡುಗಿಯರು ದಿನವೂ ಆ ಹೆಸರನ್ನು ಹೇಳುತ್ತಾರೆ, ಸಂಗ್ರಹಾಲಯದ ಗೋಡೆಯನ್ನು ದಿನವೂ ಯಾರು ಓದುತ್ತಾರೆ, ಎನ್ನುತ್ತಾರೆ. ಅವರ ಮಾತಿನಲ್ಲಿಯೂ ಸತ್ಯವಿದೆ.

ಅವನ ನಂತರ ಅದೇ ಯುದ್ಧದಲ್ಲಿ, 2006ರಲ್ಲಿ, ನೌಕಾಪಡೆಯ ಮೈಕೆಲ್ ಮನ್ಸೂರ್ ಮತ್ತು ಭೂಸೇನೆಯ ರಾಸ್ ಮೆಕ್‌ಗಿನಿಸ್ ಅದೇ ಬಗೆಯಲ್ಲಿ ಬಾಂಬಿನ ಮೇಲೆ ಬಿದ್ದು ಜೊತೆಗಾರರನ್ನು ಉಳಿಸಿದರು. ಮೆಕ್‌ಗಿನಿಸ್‌ಗೆ ಹತ್ತೊಂಬತ್ತು ವರ್ಷ. 2004ರ ನವೆಂಬರಿನಲ್ಲಿ ಫಲ್ಲೂಜಾದಲ್ಲಿ ಸತ್ತ ರಫಾಯೆಲ್ ಪೆರಾಲ್ಟಾ ಎಂಬ ಮರೀನನ ಕತೆ ಇನ್ನೂ ಕಷ್ಟದ್ದು. ಅವನು ಬಾಂಬನ್ನು ಮೈಯ ಕೆಳಕ್ಕೆ ಎಳೆದುಕೊಂಡನೆಂದು ಜೊತೆಗಿದ್ದವರು ಹೇಳಿದರು. ತಲೆಗೆ ಗುಂಡು ಬಿದ್ದಿದ್ದವನು ಅರಿವಿದ್ದು ಹಾಗೆ ಮಾಡಿರಲು ಸಾಧ್ಯವೇ ಎಂಬ ವಾದದಲ್ಲಿ ವರ್ಷಗಳು ಕಳೆದು, ಕೊನೆಗೆ ಅವನಿಗೆ ಒಂದು ದರ್ಜೆ ಕೆಳಗಿನ ಪದಕವೇ ಉಳಿಯಿತು. ಒಬ್ಬ ಮನುಷ್ಯನ ಕೊನೆಯ ಸೆಕೆಂಡಿನಲ್ಲಿ ಅವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಕಚೇರಿಯ ಮೇಜಿನ ಮೇಲೆ ಸಾಬೀತುಪಡಿಸಬೇಕಾಗಿ ಬರುವ ವಿಚಿತ್ರವನ್ನು ನೋಡಿದಾಗ, ಡನ್‌ಹ್ಯಾಮ್‌ನ ಆ ಹೆಲ್ಮೆಟ್ಟಿನ ಚರ್ಚೆಯ ಬೆಲೆ ನನಗೆ ಇನ್ನಷ್ಟು ತಿಳಿಯಿತು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಆ ವರ್ಷಗಳಲ್ಲಿ ನಾವು ಯುದ್ಧವನ್ನು ವಿರೋಧಿಸುತ್ತಿದ್ದೆವು. ಇರಾಕಿನಲ್ಲಿವೆಯೆಂದು ಹೇಳಿದ ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ, ಲಕ್ಷಕ್ಕೂ ಮಿಕ್ಕ ಇರಾಕಿ ನಾಗರಿಕರು ಸತ್ತರು, ಅಮೆರಿಕದ ಸೈನಿಕರು ನಾಲ್ಕು ಸಾವಿರದ ನಾನ್ನೂರಕ್ಕಿಂತ ಹೆಚ್ಚು ಮಂದಿ ಸತ್ತರು. ನಮ್ಮ ವಿರೋಧ ಸರಿಯಾಗಿಯೇ ಇತ್ತು. ಡನ್‌ಹ್ಯಾಮ್ ಸತ್ತ ಆರು ದಿನಗಳಿಗೆ ಇರಾಕಿನ ಅಬು ಗ್ರೈಬ್ ಸೆರೆಮನೆಯಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸುತ್ತಿದ್ದ ಚಿತ್ರಗಳು ಟಿವಿಯಲ್ಲಿ ಬಂದವು. ಅಮೆರಿಕದ ಸೈನಿಕರ ಬಗ್ಗೆ ಒಳ್ಳೆಯ ಮಾತಾಡಲು ನಾಲಿಗೆ ಏಳದಿದ್ದ ದಿನಗಳವು. ನಮ್ಮ ಕನ್ನಡದ ಸ್ನೇಹಿತರು ಸೇರಿದಾಗ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಗಂಟೆಗಟ್ಟಲೆ ವಾದಿಸುತ್ತಿದ್ದೆವು. ಆದರೆ ಆ ಕೋಣೆಯಲ್ಲಿದ್ದ ಇಪ್ಪತ್ತು ಮನೆಗಳಲ್ಲಿ ಒಂದು ಮನೆಯಿಂದಲೂ ಯಾರೂ ಅಲ್ಲಿಗೆ ಹೋಗಿರಲಿಲ್ಲ, ಹೋಗುವ ಸಂಭವವೂ ಇರಲಿಲ್ಲ. ಯುದ್ಧ ನಮಗೆ ವಾದದ ವಿಷಯವಾಗಿತ್ತು. ಅದೇ ನದಿಯ ಮೇಲ್ದಂಡೆಯಲ್ಲಿ, ಒಂದೂವರೆ ಗಂಟೆಯ ದಾರಿಯಲ್ಲಿ, ಅದು ಒಬ್ಬ ಹುಡುಗನಾಗಿತ್ತು.

ಇದು ನನಗೆ ಸರಿಯಾಗಿ ನಾಟಿದ್ದು ನನ್ನ ಮಗನಿಗೆ ಹದಿನೆಂಟು ತುಂಬಿದಾಗ. ಈ ದೇಶದಲ್ಲಿ ಹದಿನೆಂಟು ತುಂಬಿದ ಗಂಡುಮಕ್ಕಳು, ಕಡ್ಡಾಯ ಸೇನಾಭರ್ತಿ ಮತ್ತೆ ಬಂದರೆ ಇರಲಿ ಎಂದು, ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು. ಅದನ್ನು ಅವನೇ ಕಂಪ್ಯೂಟರಿನಲ್ಲಿ ಐದು ನಿಮಿಷದಲ್ಲಿ ಮುಗಿಸಿದ. ಅದೇ ವಸಂತದಲ್ಲಿ ಮರೀನ್ ಪಡೆಯ ನೇಮಕಾತಿ ವಿಭಾಗದಿಂದ ಅವನ ಹೆಸರಿಗೆ ಒಂದು ಕಾಗದ ಬಂತು. ಹಿರಿಯ ತರಗತಿಗಳ ಮಕ್ಕಳೆಲ್ಲರಿಗೂ ಬರುವಂಥದು. ನಾನು ಅದನ್ನು ಅವನಿಗೆ ಕೊಡಲಿಲ್ಲ. ಹರಿದೂ ಹಾಕಲಿಲ್ಲ. ಅಡುಗೆಮನೆಯ ಡ್ರಾಯರಿನಲ್ಲಿ ಹಳೆಯ ವಿದ್ಯುತ್ ಬಿಲ್ಲುಗಳ ಕೆಳಗೆ ತುರುಕಿದೆ. ಬೇರೆಯವರ ಮಗನ ತ್ಯಾಗದ ಬಗ್ಗೆ ಹದಿನೆಂಟು ವರ್ಷ ಗೌರವ ಇಟ್ಟುಕೊಂಡಿದ್ದವಳು ನನ್ನ ಮಗನ ಹೆಸರಿನ ಲಕೋಟೆಯನ್ನು ಕಳ್ಳಿಯ ಹಾಗೆ ಬಚ್ಚಿಟ್ಟೆ. ಅವನು ಹೋಗಬೇಕೆಂದು ನನ್ನ ಆಸೆಯೇನಲ್ಲ, ಈಗಲೂ ಅಲ್ಲ. ಆದರೆ ಸೈಯೊದಲ್ಲಿ ಅಂಥ ಲಕೋಟೆಯನ್ನು ಬಚ್ಚಿಡದ ಮನೆಗಳಿವೆ ಎಂಬುದರ ಮೇಲೆ ನನ್ನ ಮನೆಯ ನೆಮ್ಮದಿ ನಿಂತಿದೆಯೆಂಬ ಲೆಕ್ಕವನ್ನು ನಾನು ಅಲ್ಲಿಯವರೆಗೆ ಹಾಕಿಯೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಹೊರಟೆವು. ಮಗನೇ ಗಾಡಿ ಓಡಿಸಿದ. ಮರಗಳಿಗೆ ಇನ್ನೂ ಎಲೆ ಬಂದಿರಲಿಲ್ಲ, ಗುಡ್ಡಗಳ ನೆರಳಿನ ಬದಿಯಲ್ಲಿ ಕೊಳಕು ಹಿಮದ ತುಣುಕುಗಳು ಉಳಿದಿದ್ದವು. ದಾರಿಯುದ್ದಕ್ಕೂ ನಾನು ಅವನಿಗೆ ಇದನ್ನೆಲ್ಲ ಹೇಳಿದೆ. ಅವನು ನಡುವೆ ಎರಡು ಸಲ ಮಾತ್ರ ಪ್ರಶ್ನೆ ಕೇಳಿದ. ಮೊದಲನೆಯದು, ಆ ಇಬ್ಬರು ಈಗ ಏನು ಮಾಡುತ್ತಿದ್ದಾರೆ ಎಂಬುದು. ಅವರು ತಮ್ಮ ಪಾಡಿಗೆ ಬದುಕಲಿ, ಅದನ್ನು ಹುಡುಕಿಕೊಂಡು ಹೋಗುವುದು ನಮ್ಮ ಕೆಲಸವಲ್ಲ ಎಂದೆ. ಎರಡನೆಯದು, ಹೆಲ್ಮೆಟ್ಟು ಸಾಲದೆಂದು ಅವನಿಗೆ ಗೊತ್ತಿತ್ತಾ ಎಂಬುದು. ಗೊತ್ತಿಲ್ಲದಿದ್ದರೆ ಅದರ ಮೇಲೆ ತಾನೂ ಮಲಗುತ್ತಿರಲಿಲ್ಲ ಎಂದೆ. ಅದನ್ನು ಹೇಳಿದ ಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಸೈಯೊದ ಅಂಚೆ ಕಚೇರಿಗೆ ಅವನ ಹೆಸರಿದೆ. ಸಂಸತ್ತು ಕಾನೂನು ಮಾಡಿ ಇಟ್ಟ ಹೆಸರು. ಹಡಗಿಗಿಂತ ನನಗೆ ಇದು ಹೆಚ್ಚು ಒಪ್ಪಿತು. ಜನ ಬೆಳಿಗ್ಗೆ ಎದ್ದು ಬಿಲ್ಲು ಕಟ್ಟಲು, ಪಾರ್ಸೆಲ್ಲು ಕಳಿಸಲು ಅವನ ಹೆಸರಿನ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋಗುತ್ತಾರೆ. ಅಲ್ಲಿಂದ ಫೇರ್‌ಲಾನ್ ಸ್ಮಶಾನಕ್ಕೆ ಹೋದೆವು. ಹೂವು ಒಯ್ದಿದ್ದೆ, ಜೊತೆಗೆ ಮನೆಯ ದೇವರ ಕುಂಕುಮವನ್ನೂ ಒಂದು ಕಾಗದದಲ್ಲಿ ಕಟ್ಟಿಕೊಂಡಿದ್ದೆ. ಅಮ್ಮ ಇದ್ದಿದ್ದರೆ ಯಾವ ಸಂಕೋಚವೂ ಇಲ್ಲದೆ ಕಲ್ಲಿಗೆ ಹಚ್ಚಿ ಕೈಮುಗಿಯುತ್ತಿದ್ದರು. ಅಮ್ಮ ಹೋಗಿ ಆರು ವರ್ಷವಾಯಿತು. ಬೇರೆಯವರ ನಂಬಿಕೆಯ ನೆಲವೆಂಬ ಅಂಜಿಕೆಯಿಂದ ನಾನು ಹೂವನ್ನಷ್ಟೇ ಇಟ್ಟೆ. ಕುಂಕುಮದ ಪೊಟ್ಟಣ ಕೋಟಿನ ಜೇಬಿನಲ್ಲಿಯೇ ಉಳಿಯಿತು. ಮಗ ಸ್ವಲ್ಪ ದೂರದಲ್ಲಿ ನಿಂತು ಕಲ್ಲಿನ ಮೇಲಿನ ಎರಡು ದಿನಾಂಕಗಳನ್ನು ನೋಡುತ್ತಿದ್ದ. ಅವನು ಮನಸ್ಸಿನಲ್ಲಿಯೇ ಕಳೆಯುವ ಲೆಕ್ಕ ಮಾಡುತ್ತಿದ್ದಾನೆಂದು ಅವನ ತುಟಿಗಳಿಂದ ತಿಳಿಯಿತು.

ಹಿಂದಿರುಗುವಾಗ ನದಿ ನಮ್ಮ ಜೊತೆಯಲ್ಲೇ ಬಂತು, ನಾವು ಹೋಗುವ ದಿಕ್ಕಿಗೇ ಹರಿಯುತ್ತ. ವೆಲ್‌ಸ್ವಿಲ್‌ನಲ್ಲಿ ಕಾಫಿ ಕುಡಿದುಕೊಂಡು ಬರಬಹುದಿತ್ತು, ಅದು ತಿರುವಿನ ದಾರಿಯೆಂದು ಬಿಟ್ಟಿದ್ದೆವು. ಅರ್ಧ ದಾರಿ ಕಳೆದ ಮೇಲೆ ನಾನು ಆ ಲಕೋಟೆಯ ವಿಷಯವನ್ನು ಅವನಿಗೆ ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ.

"ಗೊತ್ತಮ್ಮಾ," ಎಂದ, ರಸ್ತೆಯಿಂದ ಕಣ್ಣು ತೆಗೆಯದೆ. "ಅವರು ನನಗೆ ಫೋನೂ ಮಾಡಿದ್ದರು."

ನೀನು ಏನು ಹೇಳಿದೆ ಎಂದು ನಾನು ಕೇಳಲಿಲ್ಲ.